ಅದಿರು ಸೀಮೆಯ ಸಸ್ಯಗಳು: ಭಾರಲೋಹದ ಎದುರು ಕೋಶಭಿತ್ತಿ



ಇಂದಿನ ಉಪನ್ಯಾಸಕ್ಕೆ ಆರಿಸಿಕೊಂಡಿರುವ ವಸ್ತು ಬರಿಗಣ್ಣಿಗೆ ಕಾಣುವಂಥದ್ದಲ್ಲ. ಸಸ್ಯದ ಪ್ರತಿಯೊಂದು ಜೀವಕೋಶದ ಸುತ್ತ ಒಂದು ಹೊದಿಕೆ ಇರುತ್ತದೆ. ಎಳೆಯ ಕೋಶಗಳಲ್ಲಿ ಅದು ಒಂದು ಮೈಕ್ರಾನಿಗಿಂತಲೂ ತೆಳು. ಅದೇ ಕೋಶಭಿತ್ತಿ. ಮಣ್ಣಿನಲ್ಲಿ ಭಾರಲೋಹಗಳು ಮಿತಿಮೀರಿದಾಗ ಈ ಕೋಶಭಿತ್ತಿ ಏನು ಮಾಡುತ್ತದೆ ಎಂಬುದು ನಮ್ಮ ಪ್ರಶ್ನೆ. ಇದನ್ನು ಎಲ್ಲಿ ಬೇಕಾದರೂ ಕೇಳಬಹುದು. ಆದರೆ ಹೊಸಪೇಟೆಯಲ್ಲಿ ಕೇಳಿದಾಗ ಅದಕ್ಕೊಂದು ತುರ್ತು ಬರುತ್ತದೆ. ದಕ್ಷಿಣಕ್ಕೆ ಸಂಡೂರಿನ ಕಬ್ಬಿಣ ಮತ್ತು ಮ್ಯಾಂಗನೀಸ್ ಬೆಟ್ಟಗಳು, ಉತ್ತರಕ್ಕೆ ತುಂಗಭದ್ರೆ, ಹಂಪಿಯ ಸುತ್ತ ಬಾಳೆ ತೋಟಗಳು, ಕಂಪ್ಲಿಯ ಕಡೆಗೆ ಭತ್ತ ಮತ್ತು ಕಬ್ಬು. ಅದಿರು ಮತ್ತು ಅನ್ನ ಇಷ್ಟು ಹತ್ತಿರದಲ್ಲಿ ಬೆಳೆಯುವ ನೆಲ ನಮ್ಮ ರಾಜ್ಯದಲ್ಲಿ ಹೆಚ್ಚಿಲ್ಲ.

ಮಾತನ್ನು ನಾಲ್ಕು ಭಾಗಗಳಾಗಿ ಮಾಡಿಕೊಂಡಿದ್ದೇನೆ. ಮೊದಲನೆಯದು, ಈ ನೆಲದ ಲೋಹ ಎಂಥದ್ದು ಮತ್ತು ಅದು ಯಾವಾಗ ಸಸ್ಯಕ್ಕೆ ಕಂಟಕವಾಗುತ್ತದೆ. ಎರಡನೆಯದು, ಕೋಶಭಿತ್ತಿಯ ಕಟ್ಟಡ ಮತ್ತು ಅದರ ಪ್ರತಿಕ್ರಿಯೆಗಳು. ಮೂರನೆಯದು, ಈ ವಾದಕ್ಕೆ ಎದುರಾಗುವ ಆಕ್ಷೇಪಗಳು. ನಾಲ್ಕನೆಯದು, ಗಣಿ ಪ್ರದೇಶದ ಪುನಶ್ಚೇತನಕ್ಕೆ ಮತ್ತು ಗದ್ದೆಯ ಬೇಸಾಯಕ್ಕೆ ಇದರಿಂದ ಸಿಗುವ ತಿಳಿವಳಿಕೆ. ವಾದದ ತಿರುಳನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಲೋಹದ ಒತ್ತಡಕ್ಕೆ ಸಿಕ್ಕ ಸಸ್ಯದಲ್ಲಿ ಒಟ್ಟು ಎಷ್ಟು ಲೋಹವಿದೆ ಎಂಬುದನ್ನೇ ನಾವು ಸಾಮಾನ್ಯವಾಗಿ ಅಳೆಯುತ್ತೇವೆ. ಅದಕ್ಕಿಂತ ಮುಖ್ಯವಾದದ್ದು ಆ ಲೋಹ ಎಲ್ಲಿ ನಿಂತಿದೆ ಎಂಬ ಪ್ರಶ್ನೆ. ಎಲ್ಲಿ ನಿಲ್ಲಬೇಕು ಎಂಬುದರ ಮೊದಲ ತೀರ್ಮಾನ ಆಗುವುದು ಕೋಶಭಿತ್ತಿಯಲ್ಲಿ. ಆದರೆ ಅಲ್ಲಿ ತಡೆದು ನಿಲ್ಲಿಸಿದ ಲೋಹ ನಾಶವಾಗಿ ಹೋಗುವುದಿಲ್ಲ. ಈ ಎರಡನ್ನೂ ಒಟ್ಟಿಗೆ ಗಮನದಲ್ಲಿಟ್ಟುಕೊಂಡರೆ ಮಾತ್ರ ಅದಿರು ಸೀಮೆಯಲ್ಲಿ ಹಸಿರು ಬೆಳೆಸುವ ಕೆಲಸಕ್ಕೆ ಅರ್ಥ ಬರುತ್ತದೆ.

ಮೊದಲ ಭಾಗಕ್ಕೆ ಬರೋಣ. ಸಂಡೂರಿನ ಬೆಟ್ಟಗಳಲ್ಲಿ ಮ್ಯಾಂಗನೀಸ್ ಅದಿರು ತೆಗೆಯುವ ಕೆಲಸ 20ನೇ ಶತಮಾನದ ಆರಂಭದಷ್ಟು ಹಳೆಯದು. ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣ ಅದಿರು ಕಂಪನಿ 1954ರಲ್ಲಿ ಶುರುವಾಯಿತು. ದೋಣಿಮಲೈಯಲ್ಲಿ ಸಾರ್ವಜನಿಕ ವಲಯದ ಕಬ್ಬಿಣದ ಗಣಿ 1970ರ ದಶಕದಲ್ಲಿ ಕೆಲಸ ಆರಂಭಿಸಿತು. ಈ ಶತಮಾನದ ಮೊದಲ ದಶಕದಲ್ಲಿ ರಫ್ತಿನ ಬೇಡಿಕೆ ಏರಿದಾಗ ಗಣಿಗಾರಿಕೆ ಹೇಗೆ ಹದ್ದುಮೀರಿತು ಎಂಬುದನ್ನು ಈ ಸಭೆಗೆ ವಿವರಿಸಿ ಹೇಳಬೇಕಾಗಿಲ್ಲ. 2011ರ ಜುಲೈ 27ರಂದು ಈ ಕುರಿತ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಸಲ್ಲಿಕೆಯಾಯಿತು. ಎರಡೇ ದಿನಗಳಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. 2013ರ ಏಪ್ರಿಲ್ 18ರ ತೀರ್ಪು ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಮತ್ತೆ ಆರಂಭಿಸುವ ಮುನ್ನ ಪುನಶ್ಚೇತನ ಯೋಜನೆಯನ್ನು ಕಡ್ಡಾಯ ಮಾಡಿತು. ಆ ಹೊತ್ತಿನಿಂದ ಡಂಪ್‌ಗಳ, ಅಂದರೆ ಗಣಿ ತ್ಯಾಜ್ಯದ ಗುಡ್ಡೆಗಳ, ಮೇಲೆ ಗಿಡ ನೆಡುವುದು ಈ ಭಾಗದಲ್ಲಿ ಕಾನೂನು ವಿಧಿಸಿದ ಕೆಲಸವೇ ಆಗಿದೆ.

ಇಲ್ಲೊಂದು ಮಾತನ್ನು ನೇರವಾಗಿ ಹೇಳಬೇಕು. ಎಲೆಗಳ ಮೇಲೆ ಕೂರುವ ಕೆಂಧೂಳನ್ನು ಕಂಡು, ಅದೆಲ್ಲ ಸಸ್ಯದೊಳಗೆ ಇಳಿದ ವಿಷ ಎಂದು ಭಾವಿಸುವುದು ತಪ್ಪು. ಸಂಡೂರಿನ ಕಬ್ಬಿಣದ ಅದಿರು ಮುಖ್ಯವಾಗಿ ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಮ್ಯಾಂಗನೀಸ್ ಕೂಡ ಬಹುಮಟ್ಟಿಗೆ ಆಕ್ಸೈಡ್ ರೂಪದಲ್ಲೇ ಇದೆ. ಇವು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಕರಗದ ಲೋಹ ಬೇರಿನೊಳಗೆ ಹೋಗುವುದಿಲ್ಲ. ಧೂಳು ಪತ್ರರಂಧ್ರಗಳನ್ನು ಮುಚ್ಚುತ್ತದೆ, ಬೆಳಕನ್ನು ತಡೆಯುತ್ತದೆ, ಹೂವು ಕಾಯಿಕಟ್ಟುವುದಕ್ಕೆ ಅಡ್ಡಿ ಮಾಡುತ್ತದೆ. ಆ ಹಾನಿ ನಿಜ, ಆದರೆ ಅದು ಬೇರೆ ಬಗೆಯದು. ಅಷ್ಟೇ ಅಲ್ಲದೆ ಕಬ್ಬಿಣವೂ ಮ್ಯಾಂಗನೀಸೂ ಸಸ್ಯಕ್ಕೆ ಬೇಕೇ ಬೇಕಾದ ಪೋಷಕಾಂಶಗಳು. ಒಣ ಎಲೆಯ ಒಂದು ಕಿಲೋ ತೂಕದಲ್ಲಿ 10ರಿಂದ 20 ಮಿಲಿಗ್ರಾಂಗಿಂತ ಕಡಿಮೆ ಮ್ಯಾಂಗನೀಸ್ ಇದ್ದರೆ ಹೆಚ್ಚಿನ ಬೆಳೆಗಳು ಕೊರತೆಯಿಂದ ಸೊರಗುತ್ತವೆ. ಸೀಸ, ಕ್ಯಾಡ್ಮಿಯಂಗಳ ಕಥೆ ಹಾಗಲ್ಲ. ಅವುಗಳಿಂದ ಬೆಳೆಗೆ ಯಾವ ಉಪಯೋಗವೂ ಇಲ್ಲ.

ಹಾಗಾದರೆ ಅಪಾಯ ಎಲ್ಲಿದೆ? ನೀರಿನಲ್ಲಿದೆ. ನೀರು ನಿಂತ ಮಣ್ಣಿನಲ್ಲಿ ಗಾಳಿಯಾಡುವುದಿಲ್ಲ. ಅಲ್ಲಿನ ಸೂಕ್ಷ್ಮಜೀವಿಗಳು ಆಮ್ಲಜನಕದ ಬದಲು ಮೊದಲು ಮ್ಯಾಂಗನೀಸ್ ಆಕ್ಸೈಡನ್ನು, ಆಮೇಲೆ ಕಬ್ಬಿಣದ ಆಕ್ಸೈಡನ್ನು ತಮ್ಮ ಉಸಿರಾಟಕ್ಕೆ ಬಳಸಿಕೊಳ್ಳುತ್ತವೆ. ಆಗ ಕರಗದೆ ಇದ್ದ ಲೋಹ ಕರಗುವ ಅಯಾನಾಗುತ್ತದೆ. ಸಂಡೂರು ಕಣಿವೆಯ ನೀರು ನಾರಿಹಳ್ಳವಾಗಿ ಗಂಡಿಗಳನ್ನು ದಾಟಿ ದರೋಜಿ ಕೆರೆಯ ಕಡೆಗೆ ಹರಿಯುತ್ತದೆ; ಮಳೆಗಾಲದಲ್ಲಿ ಡಂಪ್‌ಗಳಿಂದ ತೊಳೆದು ಬಂದ ನುಣ್ಣನೆಯ ಮಣ್ಣನ್ನು ಹೊತ್ತು ತಗ್ಗಿನ ಹೊಲಗದ್ದೆಗಳಿಗೂ ಕೆರೆಯಂಗಳಕ್ಕೂ ತಲುಪಿಸುತ್ತದೆ. ಬೆಟ್ಟದ ಮೇಲೆ ಸುಮ್ಮನೆ ಬಿದ್ದಿದ್ದ ಆಕ್ಸೈಡ್ ತಗ್ಗಿನ ಕೆಸರಿನಲ್ಲಿ ಚುರುಕಾಗುವ ಸಾಧ್ಯತೆ ಇರುವುದು ಹೀಗೆ. ಕಂಪ್ಲಿ ಭಾಗದ ಕಪ್ಪು ಮಣ್ಣು ಸುಣ್ಣದ ಅಂಶವಿರುವ ಕ್ಷಾರೀಯ ಮಣ್ಣು; ಅದರಲ್ಲಿ ಲೋಹಗಳು ಕರಗುವುದು ಕಡಿಮೆ ಎಂಬುದು ನಮ್ಮ ಅದೃಷ್ಟ. ಆದರೆ ಕ್ಷಾರೀಯ ಮಣ್ಣಿನಲ್ಲೂ ವಾರಗಟ್ಟಲೆ ನೀರು ನಿಂತರೆ ಕ್ಷಾರತೆ ತಗ್ಗಿ ತಟಸ್ಥದ ಕಡೆಗೆ ಸರಿಯುತ್ತದೆ. ಮಣ್ಣು ಕೊಟ್ಟ ರಕ್ಷಣೆ ಎಲ್ಲ ಕಾಲಕ್ಕೂ ಒಂದೇ ಸಮ ಇರುವುದಿಲ್ಲ.

ಈಗ ಎರಡನೆಯ ಭಾಗ, ಕೋಶಭಿತ್ತಿಯ ಕಟ್ಟಡ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಕಂಡದ್ದು ಜೀವ ಹೋದ ಕೋಶಗಳ ಭಿತ್ತಿಗಳನ್ನೇ. ಆ ನಂತರ ಬಹುಕಾಲ ಅದನ್ನು ಕೋಶದ ನಿರ್ಜೀವ ಕವಚ ಎಂದೇ ಪಠ್ಯಗಳು ಬಣ್ಣಿಸಿದವು. ಇಂದು ನಮಗೆ ಗೊತ್ತಿರುವಂತೆ ಅದರಲ್ಲಿ ಸೆಲ್ಯುಲೋಸಿನ ಎಳೆಗಳಿವೆ, ಅವನ್ನು ಹೆಣೆಯುವ ಹೆಮಿಸೆಲ್ಯುಲೋಸ್ ಇದೆ, ನಡುವೆ ತುಂಬಿಕೊಂಡ ಪೆಕ್ಟಿನ್ ಇದೆ, ಹಲವು ಪ್ರೋಟೀನುಗಳಿವೆ, ಬಲಿತ ಕೋಶಗಳಲ್ಲಿ ಲಿಗ್ನಿನ್ ಇದೆ. ಲೋಹದ ವಿಷಯದಲ್ಲಿ ಮುಖ್ಯ ಪಾತ್ರ ಪೆಕ್ಟಿನ್‌ನದು. ಅದರ ಸರಪಳಿಯಲ್ಲಿ ಗ್ಯಾಲಕ್ಟುರೋನಿಕ್ ಆಮ್ಲದ ಘಟಕಗಳು ಸಾಲಾಗಿ ಇರುತ್ತವೆ. ಕೋಶ ಅದನ್ನು ತಯಾರಿಸಿ ಹೊರಗೆ ಕಳಿಸುವಾಗ ಬಹುಪಾಲು ಘಟಕಗಳ ಮೇಲೆ ಮೀಥೈಲ್ ಗುಂಪು ಕೂತಿರುತ್ತದೆ. ಆಮೇಲೆ ಪೆಕ್ಟಿನ್ ಮೀಥೈಲ್ ಎಸ್ಟರೇಸ್ ಎಂಬ ಕಿಣ್ವ ಬಂದು ಆ ಗುಂಪನ್ನು ಕತ್ತರಿಸುತ್ತದೆ; ಋಣ ವಿದ್ಯುದಂಶದ ಜಾಗಗಳು ತೆರೆದುಕೊಳ್ಳುತ್ತವೆ. ಸಾಮಾನ್ಯ ದಿನಗಳಲ್ಲಿ ಆ ಜಾಗದಲ್ಲಿ ಕ್ಯಾಲ್ಸಿಯಂ ಕೂರುತ್ತದೆ. ಎರಡು ಸರಪಳಿಗಳ ನಡುವಿನ ಕುಳಿಗಳಲ್ಲಿ ಕ್ಯಾಲ್ಸಿಯಂ ಅಯಾನುಗಳು ಕೂರುವ ಬಗೆಯನ್ನು ವಿಜ್ಞಾನಿಗಳು 1973ರಲ್ಲಿ ಮೊಟ್ಟೆಯ ಟ್ರೇಗೆ ಹೋಲಿಸಿದರು. ಆ ಹೆಸರೇ ಇಂದಿಗೂ ನಿಂತಿದೆ.

ಭಾರಲೋಹ ಬಂದಾಗ ಇದೇ ಜಾಗಕ್ಕೆ ಪೈಪೋಟಿ ಶುರುವಾಗುತ್ತದೆ. ಸೀಸ ಮತ್ತು ತಾಮ್ರ ಪೆಕ್ಟಿನ್‌ಗೆ ಕ್ಯಾಲ್ಸಿಯಂಗಿಂತ ಬಹಳ ಬಿಗಿಯಾಗಿ ಅಂಟುತ್ತವೆ. ಕ್ಯಾಡ್ಮಿಯಂ, ಸತು ಅವುಗಳಿಗಿಂತ ಸ್ವಲ್ಪ ಸಡಿಲ. ಸೀಸದಿಂದ ಕಲುಷಿತವಾದ ನೆಲದಲ್ಲಿ ಬೆಳೆದ ಹೆಚ್ಚಿನ ಸಸ್ಯಗಳಲ್ಲಿ ಸೀಸದ ಬಹುಪಾಲು ಬೇರಿನಲ್ಲೇ ಉಳಿಯುವುದಕ್ಕೆ ಇದೊಂದು ಮುಖ್ಯ ಕಾರಣ. ಎಲ್ಲ ಸಸ್ಯಗಳಿಗೂ ಈ ಶಕ್ತಿ ಸಮಾನವಾಗಿಲ್ಲ. ದ್ವಿದಳ ಸಸ್ಯಗಳ ಎಳೆಯ ಕೋಶಭಿತ್ತಿಯಲ್ಲಿ ಪೆಕ್ಟಿನ್ ಮೂರನೇ ಒಂದು ಪಾಲಿನಷ್ಟು ಇದ್ದರೆ, ಭತ್ತ, ಜೋಳ, ಕಬ್ಬುಗಳಂಥ ಹುಲ್ಲಿನ ಜಾತಿಗಳಲ್ಲಿ ಅದು ಶೇ. 10ರ ಒಳಗೇ. ಹುಲ್ಲುಗಳಲ್ಲಿ ಈ ಕೆಲಸದ ಒಂದು ಪಾಲನ್ನು ಹೆಮಿಸೆಲ್ಯುಲೋಸ್ ಹೊರುತ್ತದೆ. ಒಂದೇ ಹೊಲದ ಬದುವಿನ ಅಲಸಂದಿಯೂ ನಡುವಿನ ಜೋಳವೂ ಒಂದೇ ಲೋಹವನ್ನು ಬೇರೆ ಬೇರೆ ರೀತಿಯಲ್ಲಿ ಎದುರಿಸುತ್ತವೆ ಎಂದರ್ಥ.

ಅಂಟಿಸಿಕೊಳ್ಳುವುದು ಮೊದಲ ಪ್ರತಿಕ್ರಿಯೆ. ಎರಡನೆಯದು ಭಿತ್ತಿಯನ್ನೇ ಮಾರ್ಪಡಿಸಿಕೊಳ್ಳುವುದು. ಲೋಹದ ಒತ್ತಡ ಬಿದ್ದಾಗ ಕೋಶದ ಹೊರಗಿನ ಅವಕಾಶದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹೆಚ್ಚುತ್ತದೆ, ಪೆರಾಕ್ಸಿಡೇಸ್ ಕಿಣ್ವಗಳು ಚುರುಕಾಗುತ್ತವೆ, ಲಿಗ್ನಿನ್ ಕಟ್ಟಿಕೊಳ್ಳುತ್ತದೆ. ಬೇರಿನ ಒಳಪದರದ ಕೋಶಗಳ ಸುತ್ತ ಕ್ಯಾಸ್ಪೇರಿಯನ್ ಪಟ್ಟಿ ಎಂಬ ನೀರು ನುಸುಳದ ಬಂಧವಿದೆ. ಕ್ಯಾಡ್ಮಿಯಂ ಸೋಕಿದ ಬೇರುಗಳಲ್ಲಿ ಈ ಪಟ್ಟಿಯೂ ಅದರ ಮೇಲಿನ ಸುಬೆರಿನ್ ಲೇಪವೂ ಬೇರಿನ ತುದಿಗೆ ಇನ್ನಷ್ಟು ಹತ್ತಿರದಲ್ಲೇ ರೂಪುಗೊಳ್ಳುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಲೋಹ ಕಾಂಡಕ್ಕೆ ಏರುವ ದಾರಿ ಹೀಗೆ ಕಿರಿದಾಗುತ್ತದೆ. ಇದಕ್ಕೆ ಸಸ್ಯ ತೆರುವ ಬೆಲೆಯೂ ಇದೆ. ಲಿಗ್ನಿನ್ ಕಟ್ಟಿದ ಕೋಶ ಮತ್ತೆ ಹಿಗ್ಗುವುದಿಲ್ಲ. ಲೋಹದ ನೆಲದಲ್ಲಿ ಬೇರು ಮೊಂಡಾಗಿ, ದಪ್ಪವಾಗಿ, ಗಿಡ್ಡವಾಗಿ ಉಳಿಯುವುದಕ್ಕೆ ವಿಷವಷ್ಟೇ ಕಾರಣವಲ್ಲ. ವಿಷದ ವಿರುದ್ಧ ಹೂಡಿದ ರಕ್ಷಣೆಯೂ ಕಾರಣ. ಗಿಡ್ಡ ಬೇರು ಆಳದ ತೇವವನ್ನು ಮುಟ್ಟಲಾರದು. ಮಳೆ ಕಡಿಮೆಯಿರುವ ನಮ್ಮ ಬಯಲುಸೀಮೆಯಲ್ಲಿ ಡಂಪಿನ ಮೇಲೆ ನೆಟ್ಟ ಸಸಿ ಬೇಸಿಗೆಯಲ್ಲಿ ಬಾಡಿದರೆ, ಅದನ್ನು ನೀರಿನ ಕೊರತೆ ಎಂದಷ್ಟೇ ಬರೆದು ಮುಗಿಸುವ ಮುನ್ನ ಬೇರನ್ನು ಅಗೆದು ನೋಡುವುದು ಒಳ್ಳೆಯದು.

ಈ ಪ್ರತಿಕ್ರಿಯೆಗಳನ್ನು ಎರಡು ಬೆಳೆಗಳಲ್ಲಿ ಹತ್ತಿರದಿಂದ ನೋಡೋಣ. ಮೊದಲನೆಯದು ಅಲಸಂದಿ. ಮ್ಯಾಂಗನೀಸ್ ಮಿತಿಮೀರಿದಾಗ ಅದರ ಬಲಿತ ಎಲೆಗಳ ಮೇಲೆ ಸೂಜಿಮೊನೆಯಷ್ಟು ಸಣ್ಣ ಕಂದು ಚುಕ್ಕೆಗಳು ಮೂಡುತ್ತವೆ. ಬರಬರುತ್ತ ಎಲೆ ಹಳದಿಗೆ ತಿರುಗಿ ಉದುರುತ್ತದೆ. ನೋಡಿದವರು ರೋಗವೆಂದೇ ತಿಳಿಯುವಂಥ ಚುಕ್ಕೆಗಳಿವು. ಜರ್ಮನಿಯ ಹ್ಯಾನೋವರಿನಲ್ಲಿ ವಾಲ್ಟರ್ ಹಾರ್ಸ್ಟ್ ಮತ್ತು ಅವರ ಸಹೋದ್ಯೋಗಿಗಳು ಅಲಸಂದಿಯ ಮೇಲೆ ದೀರ್ಘಕಾಲ ನಡೆಸಿದ ಅಧ್ಯಯನಗಳು ತೋರಿಸಿದಂತೆ, ಆ ಕಂದು ಬಣ್ಣ ಕೂತಿರುವುದು ಎಲೆಯ ಹೊರಪದರದ ಕೋಶಭಿತ್ತಿಗಳಲ್ಲಿ. ಅಲ್ಲಿ ಮ್ಯಾಂಗನೀಸ್ ಉತ್ಕರ್ಷಣಗೊಂಡಿರುತ್ತದೆ. ಜೊತೆಗೆ ಭಿತ್ತಿಯ ಪೆರಾಕ್ಸಿಡೇಸ್‌ಗಳು ಫೀನಾಲ್ ಸಂಯುಕ್ತಗಳನ್ನು ಉತ್ಕರ್ಷಿಸಿರುತ್ತವೆ. ಮ್ಯಾಂಗನೀಸಿನ ಹಾನಿ ಮೊದಲು ಕಾಣಿಸಿಕೊಳ್ಳುವ ಜಾಗವೇ ಕೋಶಭಿತ್ತಿ. ಇನ್ನೊಂದು ಪ್ರಯೋಗ 2002ರಲ್ಲಿ ಪ್ರಕಟವಾದದ್ದು, ಸೌತೆ ಗಿಡದ ಮೇಲೆ ನಡೆದದ್ದು. ಮ್ಯಾಂಗನೀಸ್ ಹೆಚ್ಚಿಗೆ ಕೊಟ್ಟ ಗಿಡಗಳಲ್ಲಿ ಕೆಲವಕ್ಕೆ ಸಿಲಿಕಾನ್ ಕೊಡಲಾಯಿತು, ಕೆಲವಕ್ಕೆ ಕೊಡಲಿಲ್ಲ. ಎರಡರ ಎಲೆಗಳಲ್ಲೂ ಒಟ್ಟು ಮ್ಯಾಂಗನೀಸ್ ಸರಿಸುಮಾರು ಒಂದೇ. ಆದರೆ ಸಿಲಿಕಾನ್ ಸಿಕ್ಕ ಗಿಡಗಳಲ್ಲಿ ಶೇ. 90ಕ್ಕೂ ಹೆಚ್ಚು ಪಾಲು ಕೋಶಭಿತ್ತಿಗೆ ಅಂಟಿಕೊಂಡಿತ್ತು. ಸಿಗದ ಗಿಡಗಳಲ್ಲಿ ಸುಮಾರು ಅರ್ಧದಷ್ಟು ಕೋಶದೊಳಕ್ಕೆ ಹೋಗಿತ್ತು. ವಿಷದ ಲಕ್ಷಣಗಳು ಕಾಣಿಸಿದ್ದು ಎರಡನೆಯ ಗುಂಪಿನಲ್ಲಿ. ಮೊತ್ತ ಒಂದೇ ಇದ್ದು ಪರಿಣಾಮ ಬೇರೆಯಾದದ್ದು ಜಾಗದ ಕಾರಣಕ್ಕೆ. ನನ್ನ ವಾದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ಎರಡನೆಯದು ಭತ್ತ. ನೀರು ನಿಂತ ಗದ್ದೆಯಿಂದ ಒಂದು ಬುಡವನ್ನು ಕಿತ್ತು ತೊಳೆದರೆ ಎಳೆಯ ಬೇರುಗಳು ಬೆಳ್ಳಗೂ ಬಲಿತವು ತುಕ್ಕಿನ ಬಣ್ಣಕ್ಕೂ ಇರುವುದನ್ನು ರೈತರೆಲ್ಲ ಬಲ್ಲರು. ಆ ತುಕ್ಕು ಕಬ್ಬಿಣವೇ. ಭತ್ತ ತನ್ನ ಕಾಂಡದ ಗಾಳಿನಾಳಗಳ ಮೂಲಕ ಬೇರಿಗೆ ಆಮ್ಲಜನಕ ಕಳಿಸುತ್ತದೆ. ಅದರಲ್ಲಿ ಸ್ವಲ್ಪ ಹೊರಗೆ ಸೋರುತ್ತದೆ. ಕೆಸರಿನಲ್ಲಿ ಕರಗಿದ ಕಬ್ಬಿಣ ಆ ಆಮ್ಲಜನಕ ತಗುಲಿದೊಡನೆ ಮತ್ತೆ ಕರಗದ ರೂಪಕ್ಕೆ ಬಂದು ಬೇರಿನ ಹೊರಭಿತ್ತಿಯ ಮೇಲೆ ಲೇಪವಾಗಿ ಕೂರುತ್ತದೆ. ಈ ಲೇಪ ಆರ್ಸೆನಿಕ್‌ನಂಥ ಇತರ ವಿಷಗಳನ್ನೂ ಹಿಡಿದಿಟ್ಟುಕೊಳ್ಳಬಲ್ಲದು. ಜೊತೆಗೆ ಭತ್ತ ಸಿಲಿಕಾನ್ ಪ್ರಿಯ ಬೆಳೆ. ಒಣಹುಲ್ಲಿನ ತೂಕದಲ್ಲಿ ಶೇ. 10ರವರೆಗೂ ಸಿಲಿಕಾನ್ ಸೇರಬಲ್ಲದು, ಅದು ನೆಲೆಯಾಗುವುದು ಬಹುತೇಕ ಕೋಶಭಿತ್ತಿಗಳಲ್ಲಿ. ಬೇರು ಸಿಲಿಕಾನನ್ನು ಒಳಗೆ ತೆಗೆದುಕೊಳ್ಳುವ ಜೀನನ್ನು ಜಪಾನಿನ ಸಂಶೋಧಕರು 2006ರಲ್ಲಿ ಗುರುತಿಸಿದರು. ಎರಡು ವರ್ಷಗಳ ನಂತರ ಅದೇ ದಾರಿಯಲ್ಲಿ ಆರ್ಸೆನಿಕ್ ಕೂಡ ಒಳಬರುತ್ತದೆ ಎಂದು ಕಂಡುಬಂತು. ಸಿಲಿಕಾನ್ ಯಥೇಚ್ಛವಾಗಿದ್ದರೆ ಆರ್ಸೆನಿಕ್‌ಗೆ ಆ ದಾರಿಯಲ್ಲಿ ಪೈಪೋಟಿ ಎದುರಾಗುತ್ತದೆ.

ಇನ್ನು ಮೂರನೆಯ ಭಾಗ, ಆಕ್ಷೇಪಗಳು. ಸಸ್ಯಶರೀರ ವಿಜ್ಞಾನ ಓದಿದವರು ಎತ್ತುವ ಮೊದಲ ಆಕ್ಷೇಪ ಇದು: ಲೋಹದಿಂದ ಸಸ್ಯವನ್ನು ನಿಜವಾಗಿ ಕಾಪಾಡುವುದು ಕೋಶದ ಒಳಗಿನ ಏರ್ಪಾಡು, ಹೊರಗಿನ ಭಿತ್ತಿಗೇಕೆ ಇಷ್ಟು ಪ್ರಾಶಸ್ತ್ಯ? 1985ರಲ್ಲಿ ಜರ್ಮನಿಯ ವಿಜ್ಞಾನಿಗಳು ಫೈಟೊಕೆಲಾಟಿನ್‌ಗಳನ್ನು ಪತ್ತೆ ಮಾಡಿದರು. ಇವು ಲೋಹವನ್ನು ಹಿಡಿದು ರಸದಾನಿಗೆ ಸಾಗಿಸಲು ನೆರವಾಗುತ್ತವೆ. ನ್ಯೂ ಕ್ಯಾಲಿಡೋನಿಯಾದ ಒಂದು ಮರದ ಹಾಲಿನ ಒಣ ತೂಕದಲ್ಲಿ ಕಾಲು ಭಾಗದಷ್ಟು ನಿಕಲ್ ಇರುತ್ತದೆ. ಅಂಥ ಅತಿಸಂಗ್ರಾಹಕ ಸಸ್ಯಗಳ ಸಾಮರ್ಥ್ಯವನ್ನು ಭಿತ್ತಿಯಿಂದ ವಿವರಿಸಲಾಗದು. ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಅತಿಸಂಗ್ರಾಹಕಗಳು ಸಸ್ಯಲೋಕದಲ್ಲಿ ಅಪರೂಪ. ನಾವು ಬೆಳೆದು ತಿನ್ನುವ, ದನಗಳಿಗೆ ಮೇಯಿಸುವ ಸಸ್ಯಗಳು ಲೋಹವನ್ನು ಒಳಗೆ ಬಿಡದಿರಲು ನೋಡುವ ಗುಂಪಿನವು. ಮೇಲಾಗಿ ರಸದಾನಿಗೆ ಹೋಗುವ ಪ್ರತಿ ಅಯಾನೂ ಮೊದಲು ಭಿತ್ತಿಯನ್ನು ಹಾಯ್ದೇ ಬರಬೇಕು. ಒಳಗಿನ ಏರ್ಪಾಡಿನ ಮೇಲೆ ಎಷ್ಟು ಹೊರೆ ಬೀಳಬೇಕೆಂಬುದನ್ನು ಹೊರಗಿನ ಏರ್ಪಾಡು ಗೊತ್ತುಮಾಡುತ್ತದೆ. ಇವೆರಡೂ ಎದುರಾಳಿಗಳಲ್ಲ, ಒಂದರ ನಂತರ ಒಂದು ಬರುವ ಹಂತಗಳು.

ಎರಡನೆಯ ಆಕ್ಷೇಪ ಇನ್ನೂ ಹರಿತವಾದದ್ದು. ಲೋಹ ಅಂಟಿಕೊಳ್ಳುವುದು ಬರೀ ರಸಾಯನಕ್ರಿಯೆ, ಅದಕ್ಕೆ ಜೀವವೇ ಬೇಕಿಲ್ಲ. ಒಣಗಿಸಿ ಪುಡಿಮಾಡಿದ ಬಾಳೆಹಣ್ಣಿನ ಸಿಪ್ಪೆಯೂ ನೀರಿನಲ್ಲಿರುವ ಸೀಸವನ್ನು ಹೀರುತ್ತದೆ. ಹಾಗಿದ್ದ ಮೇಲೆ ಕೋಶಭಿತ್ತಿಯ ‘ಪ್ರತಿಕ್ರಿಯೆ’ ಎನ್ನುವುದು ಅತಿಶಯದ ಮಾತಲ್ಲವೆ? ಅಂಟುವ ಕ್ರಿಯೆ ರಾಸಾಯನಿಕ ಎಂಬುದು ಸರಿ. ಆದರೆ ಅಂಟುವ ಜಾಗಗಳು ಎಷ್ಟಿರಬೇಕು, ಯಾವ ಕೋಶದಲ್ಲಿ, ಯಾವಾಗ ತೆರೆಯಬೇಕು ಎಂಬುದು ಜೀವಂತ ಕೋಶದ ಹಿಡಿತದಲ್ಲಿದೆ. ಪೋಲೆಂಡಿನ ಪೊಜ್ನಾನ್ ನಗರದ ಮಗ್ದಲೇನಾ ಕ್ಷೆಸ್ವೊವ್ಸ್ಕಾ ಮತ್ತು ಸಂಗಡಿಗರು ಫ್ಯೂನೇರಿಯಾ ಎಂಬ ಪಾಚಿಸಸ್ಯಕ್ಕೆ ಸೀಸ ಸೋಕಿಸಿ ನೋಡಿದಾಗ, ಅದರ ಎಳೆತಂತುಗಳ ತುದಿಯ ಕೋಶಗಳಲ್ಲಿ ಭಿತ್ತಿ ಅಲ್ಲಲ್ಲಿ ದಪ್ಪವಾಯಿತು. ಆ ದಪ್ಪಗಳಲ್ಲಿ ಮೀಥೈಲ್ ಗುಂಪು ಕಳೆದುಕೊಂಡ ಪೆಕ್ಟಿನ್ ತುಂಬಿತ್ತು, ಸೀಸವೂ ಅಲ್ಲೇ ಕೂಡಿತ್ತು. ಒಣ ಸಿಪ್ಪೆ ಇರುವ ಜಾಗಗಳನ್ನು ತುಂಬಿಕೊಳ್ಳುತ್ತದೆ. ಜೀವಂತ ಸಸ್ಯ ಹೊಸ ಜಾಗಗಳನ್ನು ಕಟ್ಟಿಕೊಳ್ಳುತ್ತದೆ. ಈ ಭೇದವನ್ನು ಪ್ರತಿಕ್ರಿಯೆ ಎಂದು ಕರೆಯುವುದರಲ್ಲಿ ಅತಿಶಯವಿಲ್ಲ.

ಮೂರನೆಯ ಆಕ್ಷೇಪ ಅದೇ ಪ್ರಯೋಗಶಾಲೆಯಿಂದ ಬಂದದ್ದು. ಭಿತ್ತಿಯಲ್ಲಿ ಪೆಕ್ಟಿನ್‌ಗೆ ಕಟ್ಟುಬಿದ್ದ ಸೀಸ ಪೆಕ್ಟಿನ್‌ನ ಜೊತೆಗೇ ಮತ್ತೆ ಕೋಶದೊಳಕ್ಕೆ ಸೆಳೆಯಲ್ಪಡಬಹುದು ಎಂದು ಅವರೇ ತೋರಿಸಿದರು. ಭಿತ್ತಿ ಕೊನೆಯ ಉಗ್ರಾಣವಲ್ಲ. ಈ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ, ವಾದದೊಳಗೇ ಸೇರಿಸಿಕೊಳ್ಳುತ್ತೇನೆ. ಕೋಶದ ಮಟ್ಟದಲ್ಲಿ ನಿಜವಾದದ್ದು ಬೆಟ್ಟದ ಮಟ್ಟದಲ್ಲೂ ನಿಜ. ಎಲೆಯ ಭಿತ್ತಿಯಲ್ಲಿ ಹಿಡಿದಿಟ್ಟ ಲೋಹ ಎಲೆ ಉದುರಿ ಕೊಳೆತಾಗ ಮಣ್ಣಿಗೆ ಮರಳುತ್ತದೆ. ಬೇರಿನ ತುಕ್ಕುಲೇಪ ಕೊಯ್ಲಾದ ಮೇಲೆ ಮುಂದಿನ ಹಂಗಾಮಿನ ಕೆಸರಿನಲ್ಲಿ ಮತ್ತೆ ಕರಗಬಹುದು. ಲೋಹ ಮೂಲವಸ್ತು, ಕೀಟನಾಶಕದ ಹಾಗೆ ಕೊಳೆತು ಬೇರೆಯದಾಗುವುದಿಲ್ಲ. ಸಸ್ಯದ ಕೈಯಲ್ಲಿ ಸ್ಥಳಾಂತರ ಸಾಧ್ಯ, ಸಂಹಾರ ಸಾಧ್ಯವಿಲ್ಲ.

ಪ್ರಯೋಗಶಾಲೆಯ ದ್ರಾವಣದಲ್ಲಿ ಕೆಲವು ವಾರ ಬೆಳೆಸಿದ ಸಸಿಗಳ ಫಲಿತಾಂಶವನ್ನು ಸಂಡೂರಿನ ಡಂಪಿಗೆ ಹೇಗೆ ಅನ್ವಯಿಸುವಿರಿ ಎಂಬ ಕೊನೆಯ ಪ್ರಶ್ನೆಯೂ ನ್ಯಾಯವಾದದ್ದೇ. ಇದಕ್ಕೆ ಹಳೆಯ ಗಣಿಗಳೇ ಉತ್ತರ ಕೊಟ್ಟಿವೆ. ಜರ್ಮನಿಯ ಹಳೆಯ ತಾಮ್ರದ ಡಂಪಿನ ಮೇಲೆ ತಾನಾಗಿ ಬೆಳೆದ ಸೈಲೀನ್ ಗಿಡಗಳನ್ನು ಪರೀಕ್ಷಿಸಿದಾಗ ಲೋಹದ ದೊಡ್ಡ ಪಾಲು ಎಲೆಯ ಹೊರಪದರದ ಕೋಶಭಿತ್ತಿಗಳಲ್ಲಿ ಸಿಕ್ಕಿತು. ಬ್ರಿಟನ್ನಿನಲ್ಲಿ ಆಂಟನಿ ಬ್ರಾಡ್‌ಶಾ ಅವರು ವೇಲ್ಸ್‌ನ ಗಣಿ ತ್ಯಾಜ್ಯದ ಮೇಲಿನ ಹುಲ್ಲುಗಳನ್ನು ಅಧ್ಯಯನ ಮಾಡಿ, ಪಕ್ಕದ ಹುಲ್ಲುಗಾವಲಿನ ಅದೇ ಜಾತಿಗಿಂತ ಅವು ಲೋಹವನ್ನು ಹೆಚ್ಚು ತಾಳುತ್ತವೆ, ಆ ಗುಣ ಬೀಜದ ಮೂಲಕ ಮುಂದಿನ ಪೀಳಿಗೆಗೂ ಬರುತ್ತದೆ ಎಂದು ಕಂಡುಕೊಂಡರು. ಹೊಲ, ಡಂಪು, ಪ್ರಯೋಗಶಾಲೆ ಈ ಮೂರೂ ಒಂದೇ ದಿಕ್ಕಿಗೆ ಬೊಟ್ಟು ಮಾಡುತ್ತಿವೆ.

ಕೊನೆಯ ಭಾಗಕ್ಕೆ ಬಂದಿದ್ದೇವೆ. ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ 2014ರಲ್ಲಿ ಸ್ಥಾಪನೆಯಾಯಿತು. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಬಾಧಿತ ಪ್ರದೇಶಗಳಿಗೆ ದೊಡ್ಡ ಮೊತ್ತದ ಯೋಜನೆಗಳು ಅದರ ಮೂಲಕ ಬರುತ್ತಿವೆ. ಇಷ್ಟು ಹೊತ್ತು ಹೇಳಿದ್ದರಿಂದ ಇಂಥ ಕೆಲಸಕ್ಕೆ ಸಿಗುವ ಸೂಚನೆಗಳು ಮೂರು.

ಮೊದಲನೆಯದು ಅಳತೆಯದು. ಎಲೆಯನ್ನು ತೊಳೆಯದೆ ಪರೀಕ್ಷೆಗೆ ಕಳಿಸಿದರೆ ಮೇಲಿನ ಧೂಳಿನ ಕಬ್ಬಿಣವೂ ಎಲೆಯ ಲೆಕ್ಕಕ್ಕೆ ಸೇರುತ್ತದೆ. ಭತ್ತದ ಬೇರಿನ ತುಕ್ಕುಲೇಪವನ್ನು ತೆಗೆಯದೆ ಅಳೆದರೆ ಹೊರಗಿನ ಲೋಹ ಒಳಗಿನದೆಂದು ದಾಖಲಾಗುತ್ತದೆ. ಬೇರು, ಕಾಂಡ, ಎಲೆ, ಕಾಳು ಇವನ್ನು ಪ್ರತ್ಯೇಕ ಮಾಡಬೇಕು. ಸಾಧ್ಯವಿದ್ದಲ್ಲಿ ಭಿತ್ತಿಯ ಪಾಲನ್ನೂ ಕೋಶದೊಳಗಿನ ಪಾಲನ್ನೂ ಬೇರ್ಪಡಿಸಬೇಕು. ಇದು ಸ್ನಾತಕೋತ್ತರ ವಿಭಾಗದ ಸಾಧಾರಣ ಪ್ರಯೋಗಾಲಯದಲ್ಲೂ ಆಗುವ ಕೆಲಸ: ಅಂಗಾಂಶವನ್ನು ಅರೆದು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಳಕ್ಕೆ ಕೂತ ಭಿತ್ತಿಯನ್ನೂ ಮೇಲಿನ ದ್ರವವನ್ನೂ ಬೇರೆ ಬೇರೆ ಅಳೆಯಬೇಕು, ಅಷ್ಟೆ. ಹಾಗೆ ಮಾಡದ ಸಂಖ್ಯೆಗಳಿಂದ ಅನಗತ್ಯ ಭಯವೂ ಹುಟ್ಟಬಹುದು, ಸುಳ್ಳು ಸಮಾಧಾನವೂ ಹುಟ್ಟಬಹುದು.

ಎರಡನೆಯದು ಗಿಡಗಳ ಆಯ್ಕೆಯದು. ಡಂಪಿನ ಮೇಲೆ ಬೇಕಾಗಿರುವುದು ಲೋಹವನ್ನು ಬೇರಿನಲ್ಲೇ ಕಟ್ಟಿಹಾಕಿ ಮಣ್ಣನ್ನೂ ಹಿಡಿದು ನಿಲ್ಲಿಸುವ ಸಸ್ಯ. ಲಾವಂಚಕ್ಕೆ ಈ ಎರಡೂ ಗುಣಗಳಿವೆ; ಲೋಹದ ಹೆಚ್ಚಿನ ಪಾಲನ್ನು ಅದು ಬೇರಿನಲ್ಲಿ ಉಳಿಸಿಕೊಳ್ಳುತ್ತದೆ, ಆಳಕ್ಕಿಳಿದ ಬೇರು ಇಳಿಜಾರಿನ ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತದೆ. ಅದರ ಜೊತೆಗೆ, ಸಂಡೂರಿನ ಹಳೆಯ ಡಂಪ್‌ಗಳ ಮೇಲೆ ಯಾರೂ ನೆಡದೆ ತಾನಾಗಿ ಬೆಳೆದ ಹುಲ್ಲು ಮತ್ತು ಪೊದೆಗಳ ಬೀಜವನ್ನು ಕೂಡಿಸಿ ಬಿತ್ತುವುದು ಬ್ರಾಡ್‌ಶಾ ತೋರಿದ ದಾರಿ. ನರ್ಸರಿಯ ಸಲೀಸಾದ ಮಣ್ಣಿನಲ್ಲಿ ಬೆಳೆದ ಸಸಿಗಿಂತ ಅಲ್ಲಿ ಬದುಕಿ ಬೀಜ ಕಟ್ಟಿದ ಹುಲ್ಲಿಗೆ ಆ ನೆಲದ ಒಗ್ಗಿಕೆ ಹೆಚ್ಚು. ಹೊಂಗೆ, ಬೇವು, ಕಮರದಂಥ ನಮ್ಮ ಮರಗಳನ್ನು ನೆಡುವುದು ಸರಿಯೇ. ಆದರೆ ಉದುರುವ ಎಲೆಗಳಲ್ಲಿ ಎಷ್ಟು ಲೋಹ ಮರಳಿ ಮೇಲ್ಮಣ್ಣಿಗೆ ಬರುತ್ತದೆ ಎಂಬುದನ್ನು ಜಾತಿವಾರು ನೋಡಬೇಕು. ಮೇವಿಗೆ ಬಳಸುವ ಗಿಡಗಳಿಗಂತೂ ಈ ಪರೀಕ್ಷೆ ಕಡ್ಡಾಯವಾಗಬೇಕು.

ಮೂರನೆಯದು ಗದ್ದೆಯದು. ಗಣಿ ಮೇಲೆ, ಭತ್ತ ಕೆಳಗೆ ಇದ್ದ ಕಡೆ ನಿರ್ಲಕ್ಷ್ಯ ಏನು ಮಾಡಬಲ್ಲದು ಎಂಬುದಕ್ಕೆ ಜಪಾನಿನ ಜಿಂಜೂ ನದಿ ಬಯಲು ಸಾಕ್ಷಿ. ಕಮಿಯೋಕಾ ಗಣಿಯ ಕ್ಯಾಡ್ಮಿಯಂ ಅಕ್ಕಿಯ ಮೂಲಕ ಜನರ ಮೈ ಸೇರಿತು; ಅದರಿಂದ ಬಂದ ‘ಇಟಾಯ್ ಇಟಾಯ್’ ರೋಗವನ್ನು 1968ರಲ್ಲಿ ಅಲ್ಲಿನ ಸರ್ಕಾರ ಮಾಲಿನ್ಯದ ಕಾಯಿಲೆ ಎಂದು ಒಪ್ಪಿಕೊಂಡಿತು. ಸಂಡೂರಿನದು ಕಮಿಯೋಕಾದಂತೆ ಸತು, ಸೀಸದ ಗಣಿಯಲ್ಲ. ಆ ಸ್ಥಿತಿ ಇಲ್ಲಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ರಂಜಕದ ಗೊಬ್ಬರಗಳಲ್ಲಿ ಅಲ್ಪ ಪ್ರಮಾಣದ ಕ್ಯಾಡ್ಮಿಯಂ ಇರುತ್ತದೆ, ನಮ್ಮ ನೀರಾವರಿ ಭಾಗದಲ್ಲಿ ಆ ಗೊಬ್ಬರದ ಬಳಕೆಯೂ ಇದೆ. ನೀರು ಕಟ್ಟಿದರೆ ಕಬ್ಬಿಣ, ಮ್ಯಾಂಗನೀಸ್, ಆರ್ಸೆನಿಕ್ ಕರಗುತ್ತವೆ. ಬಸಿದು ಒಣಗಿಸಿದರೆ ಕ್ಯಾಡ್ಮಿಯಂ ಸಡಿಲವಾಗುತ್ತದೆ. ಆದ್ದರಿಂದ ಎಲ್ಲ ಗದ್ದೆಗೂ ಒಂದೇ ಸಲಹೆ ಸಲ್ಲದು. ಮಣ್ಣು ಪರೀಕ್ಷೆ ನೋಡಿ ನೀರು ಬಿಡುವ, ಬಸಿಯುವ ಕ್ರಮವನ್ನು ಗೊತ್ತುಮಾಡಬೇಕು. ಎರಡೂ ಸಂದರ್ಭಕ್ಕೆ ಹೊಂದುವ ಒಂದು ಕೆಲಸವಿದೆ, ಅದು ಸಿಲಿಕಾನನ್ನು ಗದ್ದೆಗೇ ಹಿಂದಿರುಗಿಸುವುದು. ಭತ್ತದ ಹುಲ್ಲನ್ನು ಗೊಬ್ಬರ ಮಾಡಿ ಹಾಕಬಹುದು. ಕಂಪ್ಲಿ, ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಸುಟ್ಟ ಹೊಟ್ಟಿನ ಬೂದಿಯ ಬಹುಪಾಲು ಸಿಲಿಕಾವೇ; ಕಡಿಮೆ ಉಷ್ಣತೆಯಲ್ಲಿ ಸುಟ್ಟ ಬೂದಿ ಮಣ್ಣಿನಲ್ಲಿ ಬೇಗ ಕರಗುತ್ತದೆ, ಅತಿ ಉಷ್ಣತೆಯಲ್ಲಿ ಸುಟ್ಟದ್ದು ಹರಳುಗಟ್ಟಿ ನಿಧಾನವಾಗುತ್ತದೆ. ಈ ಭೇದವನ್ನು ಗಿರಣಿಯವರಿಗೂ ರೈತರಿಗೂ ತಿಳಿಸುವ ಕೆಲಸಕ್ಕೆ ಹೆಚ್ಚಿನ ಖರ್ಚೇನೂ ಆಗದು.

ಇಷ್ಟಾದರೂ ಒಂದು ಮಿತಿಯನ್ನು ಮರೆಯಬಾರದು. ಕೋಶಭಿತ್ತಿಯ ಶಕ್ತಿಗೆ ಅಳತೆಯಿದೆ; ಅಂಟುವ ಜಾಗಗಳು ತುಂಬಿದ ಮೇಲೆ ಲೋಹ ಒಳಗೇ ಇಳಿಯುತ್ತದೆ. ಡಂಪಿನ ಮಣ್ಣು ಹಳ್ಳಕ್ಕೆ ಇಳಿಯುವುದನ್ನು ತಡೆಯುವ ಚೆಕ್‌ಡ್ಯಾಂ, ತಡೆಗೋಡೆ, ಹೂಳಿನ ಹೊಂಡಗಳನ್ನು ಬಿಟ್ಟು ಬರೀ ಗಿಡಗಳ ಮೇಲೆ ಭಾರ ಹಾಕಿದರೆ, ಗಿಡ ಹೊರಲಾರದ್ದನ್ನು ಹೊರಿಸಿದಂತಾಗುತ್ತದೆ. ಆದ್ದರಿಂದ ಈ ಸಭೆಯಲ್ಲಿರುವ ವಿದ್ಯಾರ್ಥಿಗಳಲ್ಲಿ ಮತ್ತು ನಾಗರಿಕರಲ್ಲಿ ನನ್ನ ಕೋರಿಕೆ ಇಷ್ಟೆ. ಮುಂದೆ ಪುನಶ್ಚೇತನದ ಯಾವುದೇ ವರದಿ ನಿಮ್ಮ ಕೈಗೆ ಬಂದಾಗ ಎಷ್ಟು ಸಾವಿರ ಸಸಿ ನೆಟ್ಟರು ಎಂಬ ಸಾಲಿಗೆ ನಿಲ್ಲಬೇಡಿ. ಲೋಹ ಬೇರಿನಲ್ಲಿದೆಯೋ ಎಲೆಯಲ್ಲಿದೆಯೋ, ಭಿತ್ತಿಯಲ್ಲಿದೆಯೋ ಕೋಶದೊಳಗಿದೆಯೋ, ಉದುರಿದ ಎಲೆ ಎಲ್ಲಿಗೆ ಹೋಯಿತು ಎಂದು ಕೇಳಿ. ಉತ್ತರ ವರದಿಯಲ್ಲಿ ಇಲ್ಲದಿದ್ದರೆ ಆ ಅಳತೆಯನ್ನು ನೀವೇ ಮಾಡಲು ಮುಂದಾಗಿ.